ತೊಟ್ಟಿಯ ಲೆಕ್ಕ ತಪ್ಪುವುದೆಲ್ಲಿ?

ಹಣದುಬ್ಬರ ಇಳಿದಿದೆ ಎಂಬ ಸುದ್ದಿ ಬಂದಾಗಲೆಲ್ಲ ‘ಹಾಗಾದರೆ ಬೆಲೆ ಯಾಕೆ ಇಳಿದಿಲ್ಲ?’ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. ಕೇಳುವವರು ದಡ್ಡರಲ್ಲ. ಒಂದು ವಸ್ತುವಿನ ಬೆಲೆ 100 ಎಂದಿಟ್ಟುಕೊಳ್ಳಿ. ಶೇ 8ರ ಹಣದುಬ್ಬರದಲ್ಲಿ ಅದು ವರ್ಷದ ಕೊನೆಗೆ 108. ಮರುವರ್ಷ ಹಣದುಬ್ಬರ ಶೇ 6ಕ್ಕೆ ಇಳಿದರೆ 114.48. ಅದರ ಮುಂದಿನ ವರ್ಷ ಶೇ 4ಕ್ಕೆ ಇಳಿದರೆ ಸುಮಾರು 119. ಹಣದುಬ್ಬರ ಅರ್ಧಕ್ಕೆ ಇಳಿಯುವಷ್ಟರಲ್ಲಿ ಬೆಲೆ ಹೆಚ್ಚುಕಡಿಮೆ ಐದನೇ ಒಂದು ಪಾಲು ಏರಿಬಿಟ್ಟಿದೆ. ಇಳಿದದ್ದು ಬೆಲೆ ಏರುವ ವೇಗ ಮಾತ್ರ.

ಇದೇ ಗೊಂದಲ ಬೇರೆ ಬೇರೆ ವೇಷದಲ್ಲಿ ದಿನವೂ ಎದುರಾಗುತ್ತದೆ. ಸರ್ಕಾರದ ವಿತ್ತೀಯ ಕೊರತೆ, ಅಂದರೆ ವರ್ಷದ ಆದಾಯ ಸಾಲದೆ ಸಾಲ ಮಾಡಿ ತುಂಬುವ ಖರ್ಚು, ತಗ್ಗಿತು ಎಂದರೆ ಸಾಲ ತಗ್ಗಿತು ಎಂದು ಓದುಗರು ತಿಳಿಯುತ್ತಾರೆ. ಕೊರತೆ ಎಷ್ಟೇ ಸಣ್ಣದಾದರೂ ಅದು ಇರುವಷ್ಟು ಕಾಲ ಸಾಲಕ್ಕೆ ಸೇರುತ್ತಲೇ ಇರುತ್ತದೆ. ಸಾಂಕ್ರಾಮಿಕದ ದಿನಗಳಲ್ಲಿ ಆಸ್ಪತ್ರೆಗೆ ದಿನಕ್ಕೆ 60 ಜನ ದಾಖಲಾಗುತ್ತಿದ್ದದ್ದು 50ಕ್ಕೆ ಇಳಿದರೆ ನಿಟ್ಟುಸಿರು ಬಿಡುತ್ತೇವೆ. ಆದರೆ ಗುಣವಾಗಿ ಮನೆಗೆ ಹೋಗುವವರು ದಿನಕ್ಕೆ 30 ಜನ ಮಾತ್ರ ಎಂದಾದರೆ ಹಾಸಿಗೆಗಳು ದಿನಕ್ಕೆ 20ರಂತೆ ತುಂಬುತ್ತಲೇ ಇವೆ. ಹಾಸಿಗೆ ಸಾಲದೆ ಒದ್ದಾಡುವ ದಿನ ಬರುವುದು ದಾಖಲಾತಿ ಇಳಿಯತೊಡಗಿದ ಮೇಲೆಯೇ.

ವ್ಯವಸ್ಥಾ ಚಿಂತನೆ, ಅಂದರೆ ಸಿಸ್ಟಮ್ಸ್ ಥಿಂಕಿಂಗ್ ಎಂದೊಡನೆ ‘ಎಲ್ಲವೂ ಒಂದಕ್ಕೊಂದು ಬೆಸೆದಿದೆ, ಸಮಗ್ರವಾಗಿ ನೋಡಬೇಕು’ ಎಂಬ ಉಪದೇಶ ಕೇಳಿಬರುತ್ತದೆ. ಈ ಮಾತು ಯಾರಿಗೂ ಕಷ್ಟವಲ್ಲ. ಹೇಳಿದ ಕೂಡಲೇ ಎಲ್ಲರೂ ತಲೆದೂಗುತ್ತಾರೆ. ಕಷ್ಟ ಇರುವುದು ಅದಕ್ಕಿಂತ ಎಷ್ಟೋ ಸಪ್ಪೆಯಾದ ಮೂರು ವಿಷಯಗಳಲ್ಲಿ. ಒಂದು, ಶೇಖರಣೆ: ಒಳಗೆ ಬಂದದ್ದು, ಹೊರಗೆ ಹೋದದ್ದು, ಉಳಿದದ್ದು. ಎರಡು, ವಿಳಂಬ. ಮೂರು, ನಮ್ಮ ಕ್ರಮಕ್ಕೆ ಉಳಿದವರು ತೋರುವ ಪ್ರತಿಕ್ರಿಯೆ. ಇವುಗಳಲ್ಲಿ ಮೊದಲನೆಯದೇ ಅತ್ಯಂತ ಸರಳ, ಮತ್ತು ಅಲ್ಲಿಯೇ ಜನ ಅತಿ ಹೆಚ್ಚು ಎಡವುತ್ತಾರೆ ಎಂಬುದು ಕಳೆದ ಇಪ್ಪತ್ತೈದು ವರ್ಷಗಳ ಪ್ರಯೋಗಗಳಿಂದ ಹೊರಬಿದ್ದ ಸಂಗತಿ.

ಒಂದು ತೊಟ್ಟಿ, ಎರಡು ನಲ್ಲಿ

2000ದಲ್ಲಿ ಲಿಂಡಾ ಬೂತ್ ಸ್ವೀನಿ ಮತ್ತು ಜಾನ್ ಸ್ಟರ್‌ಮನ್ ಅಮೆರಿಕದ ಎಂಐಟಿಯ ಸ್ಲೋನ್ ಮ್ಯಾನೇಜ್‌ಮೆಂಟ್ ಶಾಲೆಯ ವಿದ್ಯಾರ್ಥಿಗಳ ಮುಂದೆ ಒಂದು ಸಣ್ಣ ಪರೀಕ್ಷೆ ಇಟ್ಟರು. ಸ್ನಾನದ ತೊಟ್ಟಿಯಲ್ಲಿ 100 ಲೀಟರ್ ನೀರಿದೆ. ಕೆಳಗಿನಿಂದ ನಿಮಿಷಕ್ಕೆ 50 ಲೀಟರ್ ಹೊರಹೋಗುತ್ತಿದೆ. ಮೇಲಿನ ನಲ್ಲಿ 4 ನಿಮಿಷ 75 ಲೀಟರ್‌ನಂತೆ, ಮುಂದಿನ 4 ನಿಮಿಷ 25 ಲೀಟರ್‌ನಂತೆ ಸುರಿಯುತ್ತದೆ. ಇದೇ ಕ್ರಮ ಮುಂದುವರಿಯುತ್ತದೆ. ತೊಟ್ಟಿಯಲ್ಲಿರುವ ನೀರಿನ ರೇಖೆ ಬಿಡಿಸಿ.

ಬೇಕಾದದ್ದು ಕೂಡುವ ಕಳೆಯುವ ಲೆಕ್ಕ ಮಾತ್ರ. ಮೊದಲ 4 ನಿಮಿಷ ನಿಮಿಷಕ್ಕೆ 25 ಲೀಟರ್ ನಿವ್ವಳ ಏರಿಕೆ. ನೀರು 100ರಿಂದ 200ಕ್ಕೆ ನೇರ ರೇಖೆಯಲ್ಲಿ ಏರುತ್ತದೆ. ಮುಂದಿನ 4 ನಿಮಿಷ ಅಷ್ಟೇ ವೇಗದಲ್ಲಿ ಇಳಿದು 100ಕ್ಕೆ ಮರಳುತ್ತದೆ. ಉತ್ತರಗಳಲ್ಲಿ ಸರಿಯಿದ್ದದ್ದು ಸರಾಸರಿ ಮುಕ್ಕಾಲು ಪಾಲು. ಒಳಹರಿವು ಮೆಟ್ಟಿಲಿನಂತೆ ಹಾರುವ ಬದಲು ಓರೆಯಾಗಿ ಏರಿ ಇಳಿಯುವಂತೆ ಮಾಡಿದಾಗ ಸರಾಸರಿ ಅರ್ಧಕ್ಕಿಂತ ಕೆಳಗೆ ಬಂತು. ಪರೀಕ್ಷೆ ಬರೆದವರಲ್ಲಿ ಗಣಿತ, ವಿಜ್ಞಾನ, ಎಂಜಿನಿಯರಿಂಗ್ ಓದಿ ಬಂದವರು ಬಹಳ ಮಂದಿ ಇದ್ದರು.

ಓರೆ ರೇಖೆ ಯಾಕೆ ಅಷ್ಟು ಕಾಡುತ್ತದೆ ಎಂದು ತಿಳಿಯಲು ಅದೇ ಬಗೆಯ ಒಂದು ಲೆಕ್ಕ ಮಾಡೋಣ. ತೊಟ್ಟಿಯಲ್ಲಿ 100 ಲೀಟರ್, ಹೊರಹರಿವು ನಿಮಿಷಕ್ಕೆ 50. ಒಳಹರಿವು ಮಾತ್ರ 100ರಲ್ಲಿ ಆರಂಭವಾಗಿ 8 ನಿಮಿಷಗಳಲ್ಲಿ ಒಂದೇ ಸಮನೆ ಸೊನ್ನೆಗೆ ಇಳಿಯುತ್ತದೆ. ಓದುವುದನ್ನು ನಿಲ್ಲಿಸಿ ಒಂದು ಚೀಟಿಯ ಮೇಲೆ ರೇಖೆ ಎಳೆದು ನೋಡಿ. ಒಳಹರಿವು ಇಳಿಯುತ್ತಿದೆ, ಆದ್ದರಿಂದ ನೀರೂ ಇಳಿಯುತ್ತದೆ ಎಂದು ಕೈ ತಾನಾಗಿ ಇಳಿರೇಖೆ ಎಳೆಯಲು ಹೊರಡುತ್ತದೆ. ನಿಜವಾಗಿ ಆಗುವುದು ಹೀಗೆ: 2ನೇ ನಿಮಿಷಕ್ಕೆ 175 ಲೀಟರ್, 4ನೇ ನಿಮಿಷಕ್ಕೆ 200, 6ನೇ ನಿಮಿಷಕ್ಕೆ ಮತ್ತೆ 175, 8ಕ್ಕೆ 100. ಅಂದರೆ ಮೊದಲ 4 ನಿಮಿಷ ಒಳಹರಿವು ಇಳಿಯುತ್ತಿರುವಾಗಲೇ ತೊಟ್ಟಿ ತುಂಬುತ್ತಿರುತ್ತದೆ. ನೀರಿನ ಮಟ್ಟ ಶಿಖರ ಮುಟ್ಟುವುದು ಒಳಹರಿವು ಶಿಖರದಲ್ಲಿದ್ದಾಗ ಅಲ್ಲ. ಒಳಹರಿವು ಮತ್ತು ಹೊರಹರಿವು ಸರಿಸಮವಾದ ಗಳಿಗೆಯಲ್ಲಿ.

ಕಣ್ಣಿಗೆ ಕಂಡ ರೇಖೆಯ ಆಕಾರವನ್ನೇ ಉತ್ತರದ ಆಕಾರ ಎಂದು ಮನಸ್ಸು ನಕಲು ಮಾಡಿಕೊಳ್ಳುವುದೇ ಇಲ್ಲಿನ ತಪ್ಪು. ಇದು ನಿಜಕ್ಕೂ ಅಷ್ಟು ಆಳದ್ದೋ, ಅಥವಾ ಗ್ರಾಫ್ ಓದಲು ಬಾರದ್ದರಿಂದ ಆಗುವುದೋ? ಮ್ಯಾಥ್ಯೂ ಕ್ರೋನಿನ್, ಕ್ಲಿಯೋಟಿಲ್ಡೆ ಗೊನ್ಸಾಲೆಸ್ ಮತ್ತು ಸ್ಟರ್‌ಮನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಶ್ನೆ ಅದೇ ಆಗಿತ್ತು. ಅವರು ಬಳಸಿದ ಗ್ರಾಫ್‌ನಲ್ಲಿ ಒಂದು ಮಳಿಗೆಗೆ 30 ನಿಮಿಷಗಳಲ್ಲಿ ಪ್ರತಿ ನಿಮಿಷ ಎಷ್ಟು ಜನ ಒಳಗೆ ಬಂದರು, ಎಷ್ಟು ಜನ ಹೊರಗೆ ಹೋದರು ಎಂಬ ಎರಡು ಅಂಕುಡೊಂಕು ರೇಖೆಗಳಿವೆ. ಅತಿ ಹೆಚ್ಚು ಜನ ಒಳಬಂದದ್ದು ಯಾವ ನಿಮಿಷ? 4ನೇ ನಿಮಿಷ. ಅತಿ ಹೆಚ್ಚು ಜನ ಹೊರಹೋದದ್ದು? 21ನೇ ನಿಮಿಷ. ಇವೆರಡಕ್ಕೂ ಹೆಚ್ಚುಕಡಿಮೆ ಎಲ್ಲರೂ ಸರಿ ಉತ್ತರ ಕೊಡುತ್ತಾರೆ. ಆದ್ದರಿಂದ ಗ್ರಾಫ್ ಓದಲು ಅವರಿಗೆ ಚೆನ್ನಾಗಿಯೇ ಬರುತ್ತದೆ. ಮಳಿಗೆಯೊಳಗೆ ಅತಿ ಹೆಚ್ಚು ಜನ ಇದ್ದದ್ದು ಯಾವಾಗ, ಅತಿ ಕಡಿಮೆ ಇದ್ದದ್ದು ಯಾವಾಗ ಎಂಬ ಮುಂದಿನ ಎರಡು ಪ್ರಶ್ನೆಗಳಿಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪುತ್ತಾರೆ. ಒಳಬಂದವರಿಗೂ ಹೊರಹೋದವರಿಗೂ ಇರುವ ಅಂತರ ಅತಿ ಹೆಚ್ಚಾಗಿದ್ದ ನಿಮಿಷವನ್ನೇ ‘ಜನ ಹೆಚ್ಚಿದ್ದ ನಿಮಿಷ’ ಎಂದುಕೊಳ್ಳುವುದು ಅಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಉತ್ತರಗಳನ್ನು ಕೊನೆಯಲ್ಲಿ ನೋಡೋಣ.

ಸಂಶೋಧಕರು ರೇಖೆಯ ಬದಲು ಕಂಬಚಿತ್ರ ಕೊಟ್ಟು ನೋಡಿದರು, ಕೋಷ್ಟಕ ಕೊಟ್ಟು ನೋಡಿದರು, ಬರಹದಲ್ಲೇ ವಿವರಿಸಿದರು, ಸಂದರ್ಭ ಬದಲಿಸಿದರು, ಸರಿ ಉತ್ತರ ಕೊಡಲು ಉತ್ತೇಜನ ಇಟ್ಟರು. ತಪ್ಪು ಹೆಚ್ಚು ಕದಲಲಿಲ್ಲ.

ನಮ್ಮ ಗಾದೆಯೊಂದು ಇಲ್ಲಿ ನೆನಪಾಗುತ್ತದೆ: ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಸ್ವಲ್ಪ ಸ್ವಲ್ಪವೇ ಸೇರಿ ದೊಡ್ಡದಾಗುತ್ತದೆ ಎಂಬ ಅರಿವು ಭಾಷೆಯಲ್ಲೇ ಇದೆ. ಗಮನಿಸಿದರೆ ಆ ಗಾದೆಯಲ್ಲಿ ಒಳಹರಿವು ಮಾತ್ರ ಇದೆ, ಹೊರಹರಿವಿಲ್ಲ. ಒಂದೇ ಕಡೆಯಿಂದ ಸೇರುವ ಲೆಕ್ಕದಲ್ಲಿ ನಮ್ಮ ಅಂತಃಪ್ರಜ್ಞೆ ಗಟ್ಟಿ. ಎರಡೂ ಕಡೆ ಹರಿವಿದ್ದು, ಎರಡೂ ಬದಲಾಗುತ್ತಿದ್ದಾಗ ಅದು ಕೈಕೊಡುತ್ತದೆ. ಜಲಾಶಯದ ಸುದ್ದಿ ಓದುವವರು ಒಳಹರಿವು, ಹೊರಹರಿವು, ನೀರಿನ ಮಟ್ಟ ಮೂರನ್ನೂ ಒಟ್ಟಿಗೆ ನೋಡಿಯೇ ಮಾತಾಡುತ್ತಾರೆ. ಏಕೆಂದರೆ ಆ ಮೂರು ಅಂಕಿಗಳನ್ನೂ ಪಕ್ಕಪಕ್ಕದಲ್ಲೇ ಕೊಡುವ ರೂಢಿ ಬೆಳೆದಿದೆ. ಸಾಲ, ರೋಗ, ಹವಾಮಾನದ ಸುದ್ದಿಗಳಿಗೆ ಆ ರೂಢಿ ಬಂದಿಲ್ಲ. ನನ್ನ ಮಟ್ಟಿಗೆ ಓದುಗರ ತಪ್ಪಿಗಿಂತ ದೊಡ್ಡ ಕೊರತೆ ಇದು.

ವಾತಾವರಣವೆಂಬ ತೊಟ್ಟಿ

ಈ ತಪ್ಪಿಗೆ ಅತಿ ದೊಡ್ಡ ಬೆಲೆ ತೆರುತ್ತಿರುವುದು ಹವಾಮಾನದ ವಿಷಯದಲ್ಲಿ. ಸ್ಟರ್‌ಮನ್ ಮತ್ತು ಬೂತ್ ಸ್ವೀನಿ 2007ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಎಂಐಟಿಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕೇಳಿದ್ದು ಇದು: ವಾತಾವರಣದ ಇಂಗಾಲದ ಡೈಆಕ್ಸೈಡ್ ಪ್ರಮಾಣ ನಿಧಾನವಾಗಿ ಏರಿ 2100ರ ಹೊತ್ತಿಗೆ 400 ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷದಲ್ಲಿ 400 ಭಾಗದಲ್ಲಿ ನಿಲ್ಲಬೇಕಾದರೆ ಹೊರಸೂಸುವಿಕೆಯ ರೇಖೆ ಹೇಗಿರಬೇಕು? ಹೊರಸೂಸುವಿಕೆಯೂ ನಿಧಾನವಾಗಿ ಏರಿ ಸಮತಟ್ಟಾಗುವ ಚಿತ್ರಗಳೇ ಹೆಚ್ಚಾಗಿ ಬಂದವು. ಶೇ 84 ಮಂದಿಯ ಚಿತ್ರಗಳು ದ್ರವ್ಯ ಸಂರಕ್ಷಣೆಯ ನಿಯಮವನ್ನೇ ಮೀರಿದ್ದವು. ಸಮುದ್ರ, ಕಾಡುಗಳ ಹೀರಿಕೆಗಿಂತ ಹೊರಸೂಸುವಿಕೆ ಹೆಚ್ಚಿರುವಾಗಲೂ ಸಂಗ್ರಹ ಸ್ಥಿರವಾಗಿ ನಿಲ್ಲುತ್ತದೆ ಎಂದರೆ, ನಲ್ಲಿ ಹೆಚ್ಚು ಸುರಿಸುತ್ತಿದ್ದರೂ ತೊಟ್ಟಿಯ ಮಟ್ಟ ಏರುವುದಿಲ್ಲ ಎಂದಂತೆ.

ಆ 400ರ ಗೆರೆಯನ್ನು ಭೂಮಿಯ ವಾರ್ಷಿಕ ಸರಾಸರಿ 2015ರ ಹೊತ್ತಿಗೇ ಮುಟ್ಟಿತು. ಮನುಷ್ಯನ ಚಟುವಟಿಕೆಯಿಂದ ವಾತಾವರಣಕ್ಕೆ ಸೇರುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಅರ್ಧದಷ್ಟನ್ನು ಸಮುದ್ರ, ಕಾಡು, ಮಣ್ಣು ಹೀರಿಕೊಳ್ಳುತ್ತವೆ. ಉಳಿದರ್ಧ ಮೇಲೆಯೇ ನಿಲ್ಲುತ್ತದೆ. ಹಾಗಾಗಿ ಹೊರಸೂಸುವಿಕೆ ಶೇ 10 ತಗ್ಗಿದರೂ ತೊಟ್ಟಿ ತುಂಬುತ್ತದೆ, ಶೇ 20 ತಗ್ಗಿದರೂ ತುಂಬುತ್ತದೆ. ಸ್ವಲ್ಪ ನಿಧಾನವಾಗಿ, ಅಷ್ಟೆ. 2020ರಲ್ಲಿ ಲಾಕ್‌ಡೌನ್‌ಗಳಿಂದ ಕಲ್ಲಿದ್ದಲು, ತೈಲ, ಅನಿಲಗಳ ಹೊರಸೂಸುವಿಕೆ ಶೇ 5ರ ಆಸುಪಾಸು ಕುಸಿಯಿತು. ಆ ವರ್ಷವೂ ಹವಾಯಿಯ ಮೌನಾ ಲೋವಾ ಕೇಂದ್ರ ಅಳೆದ ವಾರ್ಷಿಕ ಸರಾಸರಿ ಹಿಂದಿನ ವರ್ಷಕ್ಕಿಂತ 2 ಪಿಪಿಎಂಗೂ ಹೆಚ್ಚು ಏರಿತ್ತು. ಇದನ್ನು ಕಂಡು ‘ಹಾಗಾದರೆ ಮನುಷ್ಯನ ಪಾತ್ರವೇ ಇಲ್ಲ’ ಎಂದವರೂ ಇದ್ದರು. ತೊಟ್ಟಿಯ ಲೆಕ್ಕ ಬಲ್ಲವರಿಗೆ ಅದು ನಿರೀಕ್ಷಿತವೇ. ‘ಹೊರಸೂಸುವಿಕೆ ಶಿಖರ ಮುಟ್ಟಿದೆ’ ಎಂಬುದು ಒಳ್ಳೆಯ ಸುದ್ದಿ ಹೌದು; ಆದರೆ ಅದು ತೊಟ್ಟಿ ಅತಿ ವೇಗವಾಗಿ ತುಂಬುವ ಗಳಿಗೆ ಎಂಬುದನ್ನೂ ಜೊತೆಗೆ ಹೇಳಬೇಕು.

ದ್ವಿಗುಣವಾಗುತ್ತ ಹೋಗುವ ಬೆಳವಣಿಗೆಯಲ್ಲೂ ಅಂತಃಪ್ರಜ್ಞೆ ಹೀಗೇ ಹಿಂದೆ ಬೀಳುತ್ತದೆ. ಶೇನ್ ಫ್ರೆಡರಿಕ್ 2005ರಲ್ಲಿ ಪ್ರಕಟಿಸಿದ ಮೂರು ಪ್ರಶ್ನೆಗಳ ಪರೀಕ್ಷೆಯಲ್ಲಿ ಒಂದು ಪ್ರಸಿದ್ಧ: ಕೊಳದ ಮೇಲಿನ ಎಲೆಗಳ ಹರವು ದಿನಕ್ಕೆ ಇಮ್ಮಡಿಯಾಗುತ್ತದೆ, 48ನೇ ದಿನ ಕೊಳ ತುಂಬುತ್ತದೆ, ಅರ್ಧ ತುಂಬಿದ್ದು ಎಂದು? 24 ಎಂದು ನಾಲಿಗೆಗೆ ಬರುತ್ತದೆ, ಉತ್ತರ 47. 41ನೇ ದಿನ ಏನಿತ್ತು ಎಂದು ಕೇಳಿದರೆ ಇನ್ನೂ ಚುರುಕು ಮುಟ್ಟುತ್ತದೆ: ಕೊಳದ ಶೇ 1ಕ್ಕಿಂತಲೂ ಕಡಿಮೆ. ಒಂದೇ ವಾರ ಉಳಿದಿರುವಾಗ ಸಮಸ್ಯೆಯೇ ಇಲ್ಲ ಎನ್ನುವಂತೆ ಕಾಣುತ್ತದೆ.

ಕೇಳಿದ್ದು, ಇನ್ನೂ ಬಾರದ್ದು

ವಿಳಂಬದ ಪಾಠಕ್ಕೆ ಷವರ್ ಸಾಕು. ಬಿಸಿನೀರು ಪೈಪಿನಲ್ಲಿ ಹರಿದು ಬರಲು 20 ಸೆಕೆಂಡು ಬೇಕು ಎನ್ನಿ. ತಣ್ಣಗಿದೆ ಎಂದು ತಿರುಗಿಸುತ್ತೇವೆ, 5 ಸೆಕೆಂಡಿಗೆ ಬದಲಾವಣೆ ಕಾಣಲಿಲ್ಲವೆಂದು ಇನ್ನಷ್ಟು ತಿರುಗಿಸುತ್ತೇವೆ, ಮತ್ತೆ ಇನ್ನಷ್ಟು. ನಾಲ್ಕು ಬಾರಿ ತಿರುಗಿಸಿದ್ದೆಲ್ಲ ಸಾಲಾಗಿ ಬಂದು ಮೈ ಸುಡುತ್ತದೆ. ಆಮೇಲೆ ಅಷ್ಟೇ ಅವಸರದಲ್ಲಿ ಹಿಂದಕ್ಕೆ. ಪರಿಹಾರ ಸುಲಭ: ಒಮ್ಮೆ ತಿರುಗಿಸಿದ ಮೇಲೆ ವಿಳಂಬದಷ್ಟು ಹೊತ್ತು ಕೈ ಕಟ್ಟಿ ನಿಲ್ಲುವುದು. ಷವರ್‌ನಲ್ಲಿ ಎರಡು ದಿನಕ್ಕೆ ಇದು ರೂಢಿಯಾಗುತ್ತದೆ, ಏಕೆಂದರೆ ತಪ್ಪಿನ ಫಲ ಅರ್ಧ ನಿಮಿಷದಲ್ಲಿ ಮೈಮೇಲೇ ಬೀಳುತ್ತದೆ. ಫಲ ನಾಲ್ಕು ವಾರಕ್ಕೋ ನಾಲ್ಕು ವರ್ಷಕ್ಕೋ ಬರುವ ಕಡೆ ಕಲಿಕೆ ಆಗುವುದೇ ಇಲ್ಲ.

ಇದನ್ನು ಬಯಲಿಗೆಳೆದದ್ದು ‘ಬಿಯರ್ ಗೇಮ್’ ಎಂಬ ಆಟ. ಇಂಥ ಹರಿವು, ಸಂಗ್ರಹ, ವಿಳಂಬಗಳನ್ನು ಲೆಕ್ಕ ಹಾಕಿ ನೋಡುವ ವ್ಯವಸ್ಥಾ ಗತಿಶಾಸ್ತ್ರಕ್ಕೆ (ಸಿಸ್ಟಮ್ ಡೈನಾಮಿಕ್ಸ್) ತಳಹದಿ ಹಾಕಿದ ಜೇ ಫಾರೆಸ್ಟರ್ ಅವರಿದ್ದ ಎಂಐಟಿಯಲ್ಲಿ 1960ರ ದಶಕದಲ್ಲಿ ರೂಪುಗೊಂಡದ್ದು ಇದು. ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ ಎಂದು ನಾಲ್ಕು ಸ್ಥಾನಗಳು; ವಾರವಾರವೂ ಒಬ್ಬೊಬ್ಬರು ತಮ್ಮ ಮೇಲಿನವರಿಗೆ ಬಿಯರ್ ಪೆಟ್ಟಿಗೆಗಳ ಆರ್ಡರ್ ಕೊಡುತ್ತಾರೆ, ಕಾರ್ಖಾನೆ ತಾನೇ ತಯಾರಿಸುತ್ತದೆ. ಪ್ರತಿಯೊಬ್ಬರ ಬಳಿ ಆರಂಭದಲ್ಲಿ 12 ಪೆಟ್ಟಿಗೆ ದಾಸ್ತಾನು. ಗ್ರಾಹಕರ ಬೇಡಿಕೆ ವಾರಕ್ಕೆ 4 ಪೆಟ್ಟಿಗೆ ಇದ್ದದ್ದು 5ನೇ ವಾರ 8ಕ್ಕೆ ಏರುತ್ತದೆ, ಆಮೇಲೆ ಕೊನೆಯವರೆಗೂ 8ರಲ್ಲೇ ನಿಲ್ಲುತ್ತದೆ. ಇಡೀ ಆಟದಲ್ಲಿ ಹೊರಗಿನಿಂದ ಬರುವ ಬದಲಾವಣೆ ಇದೊಂದೇ. ದಾಸ್ತಾನಿನಲ್ಲಿ ಉಳಿದ ಪೆಟ್ಟಿಗೆಗೆ ವಾರಕ್ಕೆ ಅರ್ಧ ಡಾಲರ್, ಕೊಡಲಾಗದೆ ಬಾಕಿ ಬಿದ್ದ ಪೆಟ್ಟಿಗೆಗೆ 1 ಡಾಲರ್ ಖರ್ಚು. ಸ್ಟರ್‌ಮನ್ 1989ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ತಂಡಗಳ ಸರಾಸರಿ ಖರ್ಚು ಸಾಧ್ಯವಿದ್ದ ಕನಿಷ್ಠ ಖರ್ಚಿನ ಸುಮಾರು ಹತ್ತು ಪಟ್ಟು. ಮೊದಲು ತೀವ್ರ ಕೊರತೆ, ನಂತರ ಮಾರಲಾಗದ ದಾಸ್ತಾನಿನ ರಾಶಿ. ಕಾರ್ಖಾನೆಯತ್ತ ಹೋದಂತೆ ಏರಿಳಿತ ಇನ್ನಷ್ಟು ಜೋರು.

ಎಡವಟ್ಟು ಆಗುವುದು ಹೀಗೆ. 10 ಪೆಟ್ಟಿಗೆ ಕೊರತೆ ಬಿತ್ತು. ಮಾಮೂಲಿಗಿಂತ 10 ಹೆಚ್ಚು ಕೇಳಿದಿರಿ. ಆರ್ಡರ್ ಮೇಲಿನವರಿಗೆ ತಲುಪಿ ಸರಕು ಬರಲು ಸುಮಾರು 4 ವಾರ. ಮುಂದಿನ ವಾರ ನೋಡಿದರೆ ಕೊರತೆ ಹಾಗೇ ಇದೆ. ಮತ್ತೆ 10 ಕೇಳಿದಿರಿ. ಹೀಗೆ 4 ವಾರ. 10ರ ಕೊರತೆಗೆ 40 ಪೆಟ್ಟಿಗೆ ದಾರಿಯಲ್ಲಿದೆ. ಕಪಾಟು ಕಣ್ಣಿಗೆ ಕಾಣುತ್ತದೆ, ದಾರಿಯಲ್ಲಿರುವ ಸರಕು ಕಾಣುವುದಿಲ್ಲ. ಕಾಣದ್ದನ್ನು ಮನಸ್ಸು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲೆಕ್ಕದ ಹಾಳೆಯಲ್ಲಿ ‘ಕೇಳಿದ್ದು, ಇನ್ನೂ ಬಾರದ್ದು’ ಎಂಬ ಒಂದು ಕಾಲಂ ಇದ್ದು, ಬೇಕಾದ ದಾಸ್ತಾನಿನಿಂದ ಕೈಯಲ್ಲಿರುವುದನ್ನೂ ದಾರಿಯಲ್ಲಿರುವುದನ್ನೂ ಎರಡನ್ನೂ ಕಳೆದು ಉಳಿದಷ್ಟನ್ನು ಮಾತ್ರ ಕೇಳಿದರೆ ಈ ಏರಿಳಿತದ ಬಹುಪಾಲು ಅಡಗುತ್ತದೆ. ಕೊರತೆಯನ್ನು ಒಂದೇ ವಾರದಲ್ಲಿ ತುಂಬಲು ಹೋಗದೆ ಮೂರು ನಾಲ್ಕು ವಾರಕ್ಕೆ ಹಂಚಿದರೆ ಇನ್ನೂ ಒಳ್ಳೆಯದು.

ಆಟ ಮುಗಿದ ಮೇಲೆ ಗ್ರಾಹಕರ ಬೇಡಿಕೆ ಹೇಗಿತ್ತು ಎಂದು ಊಹಿಸಲು ಹೇಳಿದರೆ, ಬಹಳ ಮಂದಿ ದೊಡ್ಡ ಅಲೆಯ ಚಿತ್ರ ಬಿಡಿಸುತ್ತಾರೆ. ತಮ್ಮದೇ ಆರ್ಡರ್‌ಗಳು ಎಬ್ಬಿಸಿದ ಅಲೆ ಅದು ಎಂದು ಹೊಳೆಯುವುದಿಲ್ಲ. ತಪ್ಪಿತಸ್ಥ ಹೊರಗಿದ್ದಾನೆ ಎನ್ನುವ ಭಾವನೆಯೇ ಸಹಜವಾಗಿ ಬರುತ್ತದೆ, ಮತ್ತು ನಿಜ ಜಗತ್ತಿನ ಎಷ್ಟೋ ವಿಚಾರಣಾ ವರದಿಗಳೂ ಅಲ್ಲಿಗೇ ನಿಲ್ಲುತ್ತವೆ.

ಹೊಸ ರಸ್ತೆ, ಹೆಚ್ಚು ಹೊತ್ತು

ಸುತ್ತಿ ಬಂದು ತನ್ನನ್ನೇ ಬೆಳೆಸಿಕೊಳ್ಳುವ ಕಾರಣಗಳಿಗೆ ‘ವಿಷವರ್ತುಲ’ ಎಂಬ ಪದವೇ ಇದೆ. ಹಾಗಾಗಿ ಅದು ಬೇಗ ಅರ್ಥವಾಗುತ್ತದೆ. ನಾವು ತಳ್ಳಿದಷ್ಟೂ ವ್ಯವಸ್ಥೆ ಹಿಂದಕ್ಕೆ ತಳ್ಳುವುದಕ್ಕೆ ದಿನಬಳಕೆಯ ಪದವಿಲ್ಲ, ಅರಿವೂ ಕಡಿಮೆ. ಗಣಿತಜ್ಞ ಡೀಟ್ರಿಶ್ ಬ್ರೇಸ್ 1968ರಲ್ಲಿ ತೋರಿಸಿದ ವಿರೋಧಾಭಾಸ ಇದಕ್ಕೆ ಕಣ್ಣು ತೆರೆಸುವ ಉದಾಹರಣೆ.

4000 ಕಾರುಗಳು ಒಂದೂರಿನಿಂದ ಇನ್ನೊಂದೂರಿಗೆ ಹೋಗಬೇಕು. ಎರಡು ಮಾರ್ಗ. ಎರಡರಲ್ಲೂ ಒಂದೊಂದು ಇಕ್ಕಟ್ಟಾದ ಭಾಗ, ಒಂದೊಂದು ಅಗಲವಾದ ಸುತ್ತು ರಸ್ತೆ. ಮೊದಲ ಮಾರ್ಗದಲ್ಲಿ ಇಕ್ಕಟ್ಟು ಮೊದಲು, ಎರಡನೆಯದರಲ್ಲಿ ಕೊನೆಗೆ. ಇಕ್ಕಟ್ಟಾದ ಭಾಗ ದಾಟಲು ಬೇಕಾದ ನಿಮಿಷ ಎಂದರೆ ಅಲ್ಲಿರುವ ಕಾರುಗಳ ಸಂಖ್ಯೆಯ ನೂರನೇ ಒಂದು ಪಾಲು. ಸುತ್ತು ರಸ್ತೆಗೆ ಯಾವಾಗಲೂ 45 ನಿಮಿಷ. ಕಾರುಗಳು ಎರಡೂ ಮಾರ್ಗಗಳಿಗೆ 2000ದಂತೆ ಹಂಚಿಹೋಗುತ್ತವೆ. ಪ್ರತಿಯೊಬ್ಬರಿಗೂ 20 ಮತ್ತು 45 ಸೇರಿ 65 ನಿಮಿಷ. ಈಗ ಎರಡು ಇಕ್ಕಟ್ಟಾದ ಭಾಗಗಳನ್ನು ಜೋಡಿಸುವ, ದಾಟಲು ಹೊತ್ತೇ ಬೇಡದ ಒಂದು ಮೇಲ್ಸೇತುವೆ ಕಟ್ಟಿದರು. ಇಕ್ಕಟ್ಟಾದ ಭಾಗಕ್ಕೆ ಎಲ್ಲ 4000 ಕಾರು ನುಗ್ಗಿದರೂ 40 ನಿಮಿಷ, ಸುತ್ತು ರಸ್ತೆಯ 45ಕ್ಕಿಂತ ಕಡಿಮೆ. ಆದ್ದರಿಂದ ಪ್ರತಿ ಚಾಲಕನೂ ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಎರಡೂ ಇಕ್ಕಟ್ಟುಗಳನ್ನು ಆರಿಸುತ್ತಾನೆ. ಎಲ್ಲರಿಗೂ 40 ಮತ್ತು 40 ಸೇರಿ 80 ನಿಮಿಷ. ಒಬ್ಬನೇ ಹಳೆಯ ದಾರಿಗೆ ಮರಳಿದರೆ 85. ಸೇತುವೆ ಬಂದ ಮೇಲೆ ಎಲ್ಲರ ಪ್ರಯಾಣ 15 ನಿಮಿಷ ಉದ್ದವಾಯಿತು, ಯಾರೂ ಒಂಟಿಯಾಗಿ ಹಿಂದೆ ಸರಿಯಲಾರರು. ಎಲ್ಲ ಹೊಸ ರಸ್ತೆಗಳೂ ಹೀಗಾಗುತ್ತವೆ ಎಂದಲ್ಲ. ಆದರೆ ಜನ ಹೊಸದಕ್ಕೆ ಹೇಗೆ ಹೊಂದಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕದೆ ರಸ್ತೆಯ ಅಗಲ ಮಾತ್ರ ಲೆಕ್ಕ ಹಾಕಿದ ಯೋಜನೆಯನ್ನು ನಂಬಲಾಗದು.

ಕೈಯಲ್ಲಿ ಎಳೆದು ನೋಡುವುದು

ಯೇಲ್ ವಿಶ್ವವಿದ್ಯಾಲಯದಲ್ಲಿ ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ ಮಾಡಿ 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜಿಪ್, ಬೀಗ, ಫ್ಲಷ್‌ನಂಥ ವಸ್ತುಗಳು ಹೇಗೆ ಕೆಲಸ ಮಾಡುತ್ತವೆಂದು ತಮಗೆ ಎಷ್ಟು ಗೊತ್ತು ಎಂದು ಜನ ಮೊದಲು ಅಂಕ ಕೊಟ್ಟುಕೊಂಡರು. ಹಂತಹಂತವಾಗಿ ವಿವರಿಸಲು ಕೂತ ಮೇಲೆ ಅವರೇ ತಮ್ಮ ಅಂಕ ಇಳಿಸಿಕೊಂಡರು. ವ್ಯವಸ್ಥೆಗಳ ವಿಷಯದಲ್ಲೂ ಅಷ್ಟೆ: ತಲೆಯಾಡಿಸುವಾಗ ಗೊತ್ತಿದೆ ಅನ್ನಿಸಿದ್ದು ರೇಖೆ ಎಳೆಯುವಾಗ ಗೊತ್ತಿಲ್ಲ ಎಂದಾಗುತ್ತದೆ. ಅದಕ್ಕೇ ‘ಸಮಗ್ರ ದೃಷ್ಟಿ’ಯ ಭಾಷಣಕ್ಕಿಂತ ಪೆನ್ಸಿಲ್ ಮೇಲು. ವ್ಯವಸ್ಥಾ ಗತಿಶಾಸ್ತ್ರದ ಆರಂಭಿಕ ಕೋರ್ಸ್ ಓದಿದವರು ಮಳಿಗೆಯ ಪ್ರಶ್ನೆಯಲ್ಲಿ ಗಮನಾರ್ಹವಾಗಿ ಸುಧಾರಿಸಿದ್ದನ್ನು ಸ್ಟರ್‌ಮನ್ 2010ರಲ್ಲಿ ತೋರಿಸಿದ್ದಾರೆ. ಅಂದರೆ ಈ ತಪ್ಪು ತಿದ್ದಬಹುದಾದ ತಪ್ಪು.

ವಿಧಾನ ಹೀಗೆ. ಮೊದಲು ಏನು ಸಂಗ್ರಹವಾಗುತ್ತಿದೆ ಎಂದು ಹೆಸರಿಡಿ. ಕಾಲವನ್ನು ನಿಲ್ಲಿಸಿ ಫೋಟೊ ತೆಗೆದರೂ ಎಣಿಸಬಹುದಾದದ್ದು ಸಂಗ್ರಹ: ಮಳಿಗೆಯೊಳಗಿನ ಜನ, ಒಟ್ಟು ಸಾಲ, ಹಾಸಿಗೆಯಲ್ಲಿರುವ ರೋಗಿಗಳು. ‘ನಿಮಿಷಕ್ಕೆ’, ‘ದಿನಕ್ಕೆ’, ‘ವರ್ಷಕ್ಕೆ’ ಎಂಬ ಬಾಲ ಇರುವುದೆಲ್ಲ ಹರಿವು. ಸುದ್ದಿಯಲ್ಲಿ ಒಂದೇ ಹರಿವು ಕೊಟ್ಟಿದ್ದರೆ ಇನ್ನೊಂದನ್ನು ಹುಡುಕಿ. ಸಿಗದಿದ್ದರೆ ಸಂಗ್ರಹದ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ. ಎರಡೂ ಸಿಕ್ಕರೆ ಒಂದೇ ಗ್ರಾಫ್‌ನಲ್ಲಿ ಎಳೆದು, ಅದರ ಕೆಳಗೆ ಅದೇ ಕಾಲದ ಅಳತೆಯಲ್ಲಿ ಇನ್ನೊಂದು ಖಾಲಿ ಗ್ರಾಫ್ ಇಟ್ಟುಕೊಳ್ಳಿ. ಮೇಲಿನ ಎರಡು ರೇಖೆಗಳು ಒಂದನ್ನೊಂದು ಕತ್ತರಿಸುವಲ್ಲೆಲ್ಲ ಕೆಳಕ್ಕೆ ಲಂಬವಾಗಿ ಗೆರೆ ಇಳಿಸಿ. ಸಂಗ್ರಹದ ಶಿಖರಗಳೂ ಕಣಿವೆಗಳೂ ಆ ಗೆರೆಗಳ ಮೇಲೆಯೇ ಬರಬೇಕು, ಇಲ್ಲವೇ ಗ್ರಾಫ್‌ನ ಎರಡು ತುದಿಗಳಲ್ಲಿ, ಬೇರೆಲ್ಲೂ ಬರಲಾರವು. ಒಳಹರಿವು ಮೇಲಿರುವ ಕಡೆ ಸಂಗ್ರಹ ಏರುತ್ತದೆ, ಹೊರಹರಿವು ಮೇಲಿರುವ ಕಡೆ ಇಳಿಯುತ್ತದೆ. ಎಷ್ಟು ಎಂಬುದನ್ನು ಎರಡು ರೇಖೆಗಳ ನಡುವಿನ ಜಾಗದ ವಿಸ್ತೀರ್ಣ ಹೇಳುತ್ತದೆ.

ಮಳಿಗೆಯ ಗ್ರಾಫ್‌ನಲ್ಲಿ ಆ ಎರಡು ರೇಖೆಗಳು ಕತ್ತರಿಸುವುದು 13ನೇ ನಿಮಿಷದಲ್ಲಿ. ಅಲ್ಲಿಯವರೆಗೆ ಬರುವವರು ಹೆಚ್ಚು, ಅಲ್ಲಿಂದಾಚೆ ಹೋಗುವವರು ಹೆಚ್ಚು. ಆದ್ದರಿಂದ ಒಳಗೆ ಅತಿ ಹೆಚ್ಚು ಜನ ಇದ್ದದ್ದು 13ನೇ ನಿಮಿಷ. 13ರ ನಂತರದ ವಿಸ್ತೀರ್ಣ ಮೊದಲಿನದಕ್ಕಿಂತ ದೊಡ್ಡದು. ಬಂದು ಸೇರಿದವರಿಗಿಂತ ಹೆಚ್ಚು ಜನ ಹೊರಟುಹೋಗಿದ್ದಾರೆ. ಆದ್ದರಿಂದ ಅತಿ ಕಡಿಮೆ ಜನ ಇದ್ದದ್ದು 30ನೇ ನಿಮಿಷ.